ಆನೆ ಹೋದ ಹಲಗೆ

ನಾನು ಆನೆ ಕೊಯ್ಯುವವನು.
ಮಂಡಿ ಮೊಹಲ್ಲಾದ ಗಲ್ಲಿಯೊಳಗೆ ಜಬೀವುಲ್ಲಾ ಸಾಬರ ಕಾರ್ಖಾನೆ,
ಇಪ್ಪತ್ತೆರಡು ವರ್ಷದಿಂದ ಅದೇ ಮಣೆ, ಕೂದಲೆಳೆಯ ಗರಗಸ.
ಬೀಟೆಯ ತೆಳು ಪದರ ಒಂದರ ಮೇಲೊಂದು ನಾಲ್ಕು,
ಒಂದೇ ಸಲಕ್ಕೆ ನಾಲ್ಕು ಆನೆ.
ಬಾಲದ ಹತ್ತಿರ ಉಸಿರು ಹಿಡಿಯಬೇಕು.

ದಂತಕ್ಕೆ ಹಾಲೆಮರ, ಜೂಲಿಗೆ ಹಲಸಿನ ಹಳದಿ.
ಸಿಂಗಾರವಾಗಿ ಅವು ಅರಮನೆ ಎದುರಿನ ಅಂಗಡಿಗೆ ಹೋಗುತ್ತವೆ,
ಅಲ್ಲಿಂದ ಯಾರದೋ ಗೋಡೆಗೆ.
ಹಿಂದುಳಿಯುವುದು ಹಲಗೆ, ನಡುವೆ
ಆನೆಯಷ್ಟೇ ತೂತು.
ಅದನ್ನು ಚಹಾದ ಒಲೆಗೆ ಹಾಕುತ್ತಿದ್ದೆವು.
ಬೀಟೆಯ ಹೊಗೆ ಹಿಡಿದ ಚಹಾಕ್ಕೊಂದು ರುಚಿಯಿತ್ತು, ಸುಳ್ಳೇಕೆ.

ಕಸ ಗುಡಿಸುವ ದೇವೀರಮ್ಮ ಒಂದು ದಿನ
"ಒಲೆಗಾಕ್ಬ್ಯಾಡಿ, ನಂಗ್ ಕೊಡಿ" ಅಂದಳು.
ಸಾಬರು ನಕ್ಕರು: "ತೂತು ತಗೊಂಡು ಏನ್ ಮಾಡ್ತೀಯಮ್ಮ?"
"ಮಡಿಕತೀನಿ ಬುಡಿ."

ಮಳೆಗಾಲ ಕಳೆಯಿತು.
ಅವಳು ಕಾಲು ಉಳುಕಿ ಮಲಗಿದ ತಿಂಗಳು
ಸಂಬಳ ಕೊಡಲು ಕೇಸರೆಗೆ ಹೋದವನು ನಾನು.

ಒಂದೇ ಕೋಣೆ, ಶೀಟಿನ ಮಾಡು.
ಮೂಡಣ ಗೋಡೆಯಲ್ಲಿ ಕಿಟಕಿಗೆಂದು ಬಿಟ್ಟ ಚೌಕಕ್ಕೆ,
ಆರು ವರ್ಷ ಗೋಣಿ ನೇತಾಡಿದ ಚೌಕಕ್ಕೆ,
ನನ್ನ ಹಲಗೆಗಳು!
ಯಾವ ನಾಲ್ಕು ಒಂದೇ ಹೊಟ್ಟೆಯವೆಂದು ಹುಡುಕಿ,
ತೂತಿಗೆ ತೂತು ಹೊಂದಿಸಿ, ಹುಣಸೆಬೀಜದ ಅಂಟು ಹಾಕಿ
ಮತ್ತೆ ದಪ್ಪ ಮಾಡಿದ್ದಳು.
ಸಾಲದ ಕಡೆ ಬಣ್ಣದ ಡಬ್ಬಿಯ ತಗಡು.
ಮೊಳೆಯೂ ಹಳೆಯವೇ, ಬಡಿದು ನೆಟ್ಟಗೆ ಮಾಡಿದವು.

"ಗಾಳಿ ಬತ್ತದೆ, ಬೆಕ್ಕು ಬರಕ್ಕಿಲ್ಲ," ಅಂದಳು.
ಅಷ್ಟೇ ಅಂದಳು.

ಆಗ ಎಂಟೂವರೆ ಬಿಸಿಲು.
ನೆಲದ ಮೇಲೆ ಆನೆ. ಅಕ್ಕಿ ಡಬ್ಬಿಯ ಮೇಲೆ ಆನೆ.
ಸುತ್ತಿಟ್ಟ ಚಾಪೆ ಏರುತ್ತ ಬೆನ್ನು ಬಾಗಿದ್ದು ಒಂದು.
ಅಂಬಾರಿಯಿಲ್ಲ, ಮಾವುತನಿಲ್ಲ, ಬೆಲೆಯ ಚೀಟಿಯಿಲ್ಲ.
ಒಂದಕ್ಕೆ ಎರಡು ಬಾಲ:
ನನ್ನ ಗರಗಸ ಜಾರಿದ ದಿನದ್ದು.
ಯಾರಿಗೂ ಕಾಣದ ಹಾಗೆ ನಾನೇ ಒಲೆಯ ಬುಡಕ್ಕೆ ತಳ್ಳಿದ್ದೆ.

ಲಕೋಟೆ ಹಿಡಿದು ನಿಂತೇ ಇದ್ದೆ.
ಹೊತ್ತು ಏರಿದಂತೆ ಅವು ಹಿಂದೆ ಹಿಂದೆ ಸರಿದು
ಕಿಟಕಿಯ ಬುಡ ಸೇರಿದವು.
ಕಾಲು ನೀವಿಕೊಳ್ಳುತ್ತ ಅವಳು:
"ಹತ್ಗಂಟೆಗೆ ಎಲ್ಲಾ ಹೊಂಟೋಯ್ತವೆ. ನಾಳೆ ಬತ್ತವೆ.
ಕುಂತ್ಕೊ, ಕಾಪಿ ಕಾಯಿಸ್ತೀನಿ."

ಕಾರ್ಖಾನೆಯಲ್ಲಿ ಈಗ ಚಹಾಕ್ಕೆ ಗ್ಯಾಸು.
ಕೊಯ್ಯುವಾಗ ನಾನು
ಕೈಗೆ ಉದುರುವ ಆನೆಗಿಂತ
ಹಲಗೆಯ ಅಂಚನ್ನೇ ಹೆಚ್ಚು ನೋಡುತ್ತೇನೆ.
ಕೆಲಸ ನಿಧಾನವಾಯಿತೆಂದು ಸಾಬರಿಗೆ ಸಿಟ್ಟು.