ರಸಮಟ್ಟ

ಡ್ರಾಖ್ಟನ್ನಿಂದ ಬಸ್ಸು ಹೊರಟಾಗ ಆರೂಕಾಲು, ಕತ್ತಲೆ.
ಹತ್ತೊಂಬತ್ತು ಹುಡುಗರು, ಮೂವರು ಹುಡುಗಿಯರು,
ಎಲ್ಲ ಗಾರೆ ಕೆಲಸ ಕಲಿಯುವವರು.
ನಾನು ಅವರ ಮೇಷ್ಟ್ರು, ವೀಬೆ ಹೂಕ್‌ಸ್ಟ್ರಾ.
ಇಟ್ಟಿಗೆ ಬಲ್ಲೆ, ಚಿತ್ರ ಗೊತ್ತಿಲ್ಲ.
ಕರೆದೊಯ್ಯಬೇಕಿದ್ದ ಮೇಡಂಗೆ ಜ್ವರ;
ಅವರ ಹಾಳೆಗಳು ಮಾತ್ರ ನನ್ನ ಕೈಗೆ ಬಂದವು:
ಹದಿನಾಲ್ಕು ಪ್ರಶ್ನೆ, ಉತ್ತರಕ್ಕೆ ಎರಡೆರಡು ಗೆರೆ.

ಮ್ಯೂಸಿಯಂ ಬಾಗಿಲಲ್ಲೇ ಅಡ್ಡಿ.
ಇದ್ರಿಸ್‌ನ ಚೀಲದಲ್ಲಿ ರಸಮಟ್ಟ.
‘ಏನಿದು?’ ಅಂದಳು ಕಾವಲಿನಾಕೆ.
‘ಅಪ್ಪಂದು. ಗುಳ್ಳೆ ನಡುವೆ ನಿಂತರೆ ಸರಿ ಅಂತ.’
ಆಕೆ ನಗಲಿಲ್ಲ. ಚೀಟಿ ಕೊಟ್ಟಳು, ನಲವತ್ತೇಳು.
ರಸಮಟ್ಟ ಒದ್ದೆ ಕೊಡೆಗಳ ಪಕ್ಕ ಮಲಗಿತು,
ರಸ ಹುಡುಕಿಕೊಂಡು ನಾವು ಒಳಗೆ ಹೋದೆವು.

ಒಳಗೆ ಕಪ್ಪು ಬಟ್ಟೆಯ ಗಂಡಸರು,
ಕೊರಳಲ್ಲಿ ಇಸ್ತ್ರಿ ಹಾಕಿದ ಗಾಡಿಚಕ್ರ,
ನಾನೂರು ವರ್ಷದಿಂದ ಊಟಕ್ಕೆ ಕೂತವರು
ಕರೆಯದೆ ಬಂದ ನೆಂಟರಂತೆ ನಮ್ಮನ್ನು ನೋಡಿದರು.
ಅರ್ಧ ಸುಲಿದ ನಿಂಬೆಯ ಸಿಪ್ಪೆ
ಮೇಜಿನಂಚಿಂದ ಇಳಿಬಿದ್ದು ಇನ್ನೂ ಒಣಗಿರಲಿಲ್ಲ.
ಯಿಲ್ಡೌ ಆಕಳಿಸಿದಳು. ಆಕಳಿಕೆ ಸಾಲುಹಿಡಿದು
ಕೊನೆಗೆ ನನ್ನ ಬಾಯಿಗೂ ಬಂತು.

ಆರನೇ ಕೋಣೆ. ಮೂರಂಗೈ ಅಗಲದ ಚಿತ್ರ.
ಒಬ್ಬ ಹೆಂಗಸು, ಮರದ ಬಕೀಟು, ಎಡಗಿಟಕಿಯ ಬೆಳಕು.
ಬರೆದವನ ಹೆಸರಿಲ್ಲ.
ಪ್ರಶ್ನೆ ಒಂಬತ್ತು: ಈ ಚಿತ್ರ ಯಾವುದರ ಬಗ್ಗೆ?
ಎಲ್ಲರೂ ಬರೆದರು: ಹೆಂಗಸು, ಶುಚಿ, ದೇವಭಕ್ತಿ.
ಹಾಳೆಯಲ್ಲೇ ಸುಳಿವಿತ್ತು.
ಇದ್ರಿಸ್ ಮೊಣಕಾಲೂರಿ ಕೂತಿದ್ದ,
ಹೆಂಗಸನ್ನು ಬಿಟ್ಟು ಗೋಡೆಯ ಬುಡ ನೋಡುತ್ತ.
ಅಲ್ಲೊಂದು ಸಾಲು ನೀಲಿ ಟೈಲ್ಸು.

‘ಇದು ಅಂದಕ್ಕಲ್ಲ ಮೇಷ್ಟ್ರೇ,
ಒರೆಸೋ ನೀರು ಗಿಲಾವಿಗೆ ಏರದಿರಲಿ ಅಂತ.
ಐದನೇದು ನೋಡಿ, ಆಮೇಲೆ ಹಾಕಿದ್ದು, ಅದರ ನೀಲಿ ಬೇರೆ.
ಸಂದು ತುಂಬಿದವನಿಗೆ ಅವಸರವಿತ್ತು.
ಸಂಜೆಯಾಗಿರಬೇಕು.’

ನಾನೂ ಕೂತೆ. ಮಂಡಿ ಲಟಕ್ಕೆಂದಿತು.
ಹೌದು, ಸಂದು ಸೊಟ್ಟ.
ಚಿತ್ರಕಾರ ತಿದ್ದಬಹುದಿತ್ತು, ಕುಂಚ ಕೈಯಲ್ಲೇ ಇತ್ತು.
ತಿದ್ದಿರಲಿಲ್ಲ.
ಯಾವನೋ ಮೇಸ್ತ್ರಿಯ ದಣಿದ ಸಂಜೆಯನ್ನು
ಒಂದೆಳೆ ಕೂದಲಲ್ಲಿ ಹಾಗೇ ಇಟ್ಟುಬಿಟ್ಟಿದ್ದ.

ಮಧ್ಯಾಹ್ನ ಕಾಲುವೆ ದಡ. ಹಾಳೆಯ ಎರಡನೇ ಭಾಗ, ವಾಸ್ತುಶಿಲ್ಪ.
ನೆತ್ತಿಯಲ್ಲಿ ಕೊಕ್ಕೆ ಹೊತ್ತ ಕಿರುಮನೆಗಳು
ಬೀದಿಯತ್ತ ಬಾಗಿವೆ. ಅದು ಬೇಕೆಂದೇ ಕಟ್ಟಿದ್ದು,
ಮೇಲೆಳೆವ ಮೂಟೆ ಗೋಡೆಗೆ ಉಜ್ಜದಿರಲೆಂದು.
ಪಕ್ಕಕ್ಕೆ ವಾಲಿದ್ದು ಮಾತ್ರ ಕೆಸರಿನ ಕೆಲಸ.
ಎರಡನ್ನೂ ಬೇರೆ ಬೇರೆ ಬರೆಯಿರಿ ಅಂದೆ.
‘ಮನುಷ್ಯರ ಹಾಗೆ’ ಎಂದಳು ಯಿಲ್ಡೌ,
ಬರೆಯಲಿಲ್ಲ.

ಒಂದು ಮನೆಯ ನೆಲ ಅಗೆದಿದ್ದರು.
ಕೆಳಗೆ, ಕಪ್ಪು ನೀರಲ್ಲಿ, ತುದಿ ಕೆಳಗಾಗಿ ಬಡಿದ
ಫರ್ ಮರದ ಬೊಡ್ಡೆಗಳು. ನೀರಲ್ಲಿರುವ ತನಕ ಕೊಳೆಯವು,
ಗಾಳಿ ಸೋಕಿದರೆ ಕೆಟ್ಟವು.
ಮನೆ ಕಟ್ಟಿ ನೋಡು ಅನ್ನುತ್ತಾರೆ;
ಇಲ್ಲಿ ಮೊದಲು ನೆಲ ಕಟ್ಟಿ ನೋಡಬೇಕು.

ಇದ್ರಿಸ್ ಪಕ್ಕದ ಮನೆಯ ಕಿಟಕಿಯಂಚಿಗೆ ರಸಮಟ್ಟ ಇಟ್ಟ.
ಗುಳ್ಳೆ ಓಡಿ ಮೂಲೆ ಹಿಡಿಯಿತು.
ಒಳಗಿಂದ ಮುದುಕಿ ಗಾಜು ಸರಿಸಿದಳು:
‘ಗೊತ್ತು ಮಗು. ಐವತ್ತು ವರ್ಷದಿಂದ ಮಂಚದ ಎಡಗಾಲಿಗೆ
ಟೆಲಿಫೋನ್ ಡೈರೆಕ್ಟರಿ ಕೊಟ್ಟಿದ್ದೇನೆ.
ಈಗ ಅದನ್ನ ಅಚ್ಚು ಹಾಕೋದೂ ಇಲ್ಲ.’

ಮರಳುವಾಗ ಉದ್ದನೆಯ ಕಡಲಕಟ್ಟೆ,
ಎಡಕ್ಕೆ ಉಪ್ಪುನೀರು, ಬಲಕ್ಕೆ ಸಿಹಿ.
ಕೆಂಪು ಪೆನ್ನು ತೆಗೆದೆ. ಮೇಡಂ ಬರೆದುಕೊಟ್ಟ ಸರಿಯುತ್ತರ: ಭಕ್ತಿ.
ಇದ್ರಿಸ್‌ನ ಹಾಳೆಯಲ್ಲಿ ಒಂದೇ ಗೆರೆ ತುಂಬಿತ್ತು:
‘ಐದನೇ ಟೈಲು.’ ಕೆಳಗಿನದು ಖಾಲಿ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಮುಂದಿನ ಸೀಟಿನ ಕಿಟಕಿಯಂಚಲ್ಲಿ ರಸಮಟ್ಟ ಅದುರುತ್ತಿತ್ತು.
ಗುಳ್ಳೆ ನಡುವಿಗೆ ಬರುತ್ತಿತ್ತು,
ಹೋಗುತ್ತಿತ್ತು.