ಇನ್ನಿಬ್ಬರು

ಮೂಗುತಿ ಬಿಚ್ಚೋಕೇ ಅರ್ಧ ಗಂಟೆ ಹಿಡಿಯಿತು.
ಮದುವೆಯ ಹಿಂದಿನ ದಿನ ತಿರುಪು ಬಿಗಿದದ್ದು,
ಮೂವತ್ತೊಂದು ವರ್ಷದಲ್ಲಿ ಮೂಗೇ ಅದನ್ನು ನುಂಗಿಕೊಂಡಿತ್ತು.
ನೀಲಿ ಅಂಗಿಯ ಹುಡುಗಿ ತಸ್ಮಿಯಾ
ಕೊಬ್ಬರಿ ಎಣ್ಣೆ ಸವರಿ, "ನೋವಾಯ್ತಾ ಅಮ್ಮ?"
ಬಳೆ, ಕಾಲುಂಗುರ, ತಾಳಿ, ಸೆರಗಿನ ಪಿನ್ನು
ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಿದ್ದವು.
ಡಬ್ಬಿಯ ಮೇಲೆ ನನ್ನ ಹೆಸರಿಲ್ಲ. ನಾಲ್ಕುನೂರ ಹದಿನೇಳು.

ಕಾಯಿಲೆ ಇಲ್ಲ, ಆದರೂ ಕರೆದಿದ್ದಾರೆ ಅಂದರೆ
ಯಾರು ನಂಬುತ್ತಾರೆ ದುದ್ದದಲ್ಲಿ?
ಓಟರ್ ಲಿಸ್ಟಿನಿಂದ ಚೀಟಿ ಎತ್ತಿದರಂತೆ,
ತಾಲ್ಲೂಕಿಗೆಲ್ಲ ಎರಡು ಸಾವಿರ ಜನ,
ಹತ್ತು ವರ್ಷ ಬಿಟ್ಟು ಮತ್ತೆ ನೋಡುತ್ತಾರಂತೆ
ಯಾರಿಗೆ ಏನು ಬಂತು, ಬರುವ ಮುಂಚೆ ಒಳಗೆ ಹೇಗಿತ್ತು ಅಂತ.
ನಮ್ಮ ಯಜಮಾನರು ಬೀಡಿ ಕಚ್ಚಿ ಬಾಗಿಲಿಗೆ ಅಡ್ಡ ನಿಂತರು:
"ಕಿಡ್ನಿ ತೆಗೀತಾರೆ ಕಣೇ. ಪುಕ್ಕಟೆ ಕಾರು ಯಾರು ಕಳಿಸ್ತಾರೆ?"

ಆ ಕಾರಿನಲ್ಲೇ ಹೋದೆ. ಸಾಲಗಾಮೆ ರಸ್ತೆ, ಎಂಆರ್‌ಐ ಕೋಣೆ.

ಒಪ್ಪಿಗೆ ಪತ್ರ ಹನ್ನೊಂದು ಪುಟ. ಅವಳು ಓದಿದಳು, ನಾನು ಹೂಂಗುಟ್ಟಿದೆ.
ಕೊನೆಗೆ ಎರಡು ಚೌಕ:
ನಾವು ಹುಡುಕದೇ ಇದ್ದದ್ದು ಏನಾದರೂ ಕಂಡರೆ
ತಿಳಿಸಬೇಕೆ, ಬೇಡವೆ?
ಅಲ್ಲಿ ಕೈ ನಿಂತಿತು.

ಮಂಡಿಯಲ್ಲಿ ಬಿತ್ತನೆ ಆಲೂಗೆಡ್ಡೆ ಹೆಚ್ಚೋಳು ನಾನು.
ಹೋಳಿಗೆ ಎರಡು ಕಣ್ಣಾದರೂ ಇರಲಿ ಅಂತಾನೆ ಮೇಸ್ತ್ರಿ.
ಅವನು ಆ ಕಡೆ ತಿರುಗಿದರೆ
ಒಂದು ಕಣ್ಣಿನದನ್ನೂ ಬುಟ್ಟಿಗೆ ಹಾಕಿಬಿಡುತ್ತೇನೆ.
ಹೊರಗೆ ನುಣುಪು, ಹೆಚ್ಚಿದರೆ ನಡುವೆ ಕಪ್ಪು:
ಎಸೆ, ಚಾಕು ಔಷಧಿ ನೀರಲ್ಲಿ ಅದ್ದು, ಮುಂದಿನದು.
ಕೇಳಿದೆ, "ಕೆಟ್ಟದ್ದು ಕಂಡರೆ ನನ್ನನ್ನು ಎಸೀತೀರಾ?"
"ಇಲ್ಲಮ್ಮ. ಇಲ್ಲಿ ಕೆಟ್ಟದ್ದೂ ಲೆಕ್ಕಕ್ಕೆ ಬರುತ್ತೆ."
ಗೀಟು ಹಾಕಿದೆ. ಹೌದು.

ಒಳಗೆ, ಮೂಗಿನ ತುದಿಗೆ ಒಂದು ಗೇಣು ಬಿಳಿ ಆಕಾಶ.
ತಗಡಿನ ಮೇಲೆ ಗೆಡ್ಡೆ ಸುರಿದ ಸದ್ದು,
ಆಮೇಲೆ ಬೋರ್‌ವೆಲ್ ಲಾರಿ.
"ಉಸಿರು ಹಿಡೀರಿ." ಹಿಡಿದೆ.
"ಬಿಡಿ." ಬಿಟ್ಟೆ.
ನನ್ನ ಉಸಿರನ್ನು ಇಷ್ಟು ಮರ್ಯಾದೆಯಿಂದ
ಯಾರೂ ಕೇಳಿರಲಿಲ್ಲ.
ನೆತ್ತಿಯಿಂದ ಮಂಡಿವರೆಗೆ ಹೋಳು ಹೋಳು ಹೆಚ್ಚಿದರು,
ಅದ್ದೋಕೆ ಚಾಕೂ ಇರಲಿಲ್ಲ.

ಮೂರು ವಾರಕ್ಕೆ ಫೋನು.
ಹೆದರಬೇಡಿ. ಎಡಗಡೆ ಕಿಡ್ನಿ ಇಲ್ಲ.
ಹುಟ್ಟಿದಾಗಿನಿಂದಲೇ ಇಲ್ಲ. ಬಲಗಡೆಯದು ಒಂದೂವರೆಯಷ್ಟು ಬೆಳೆದು
ಎರಡರ ಕೆಲಸ ಮಾಡ್ತಿದೆ. ಬಿಪಿ ತೋರಿಸ್ಕೊಳ್ತಿರಿ.

"ಹೇಳಿರಲಿಲ್ವಾ!" ಎದ್ದೇ ಬಿಟ್ಟರು ಯಜಮಾನರು.
ಬೀದಿ ಪೂರ್ತಿ ಸೇರಿತು. ಹೊಲಿಗೆ ಎಲ್ಲಿ, ತೋರಿಸು.
ಹೊಲಿಗೆ ಇಲ್ಲವಲ್ಲ ಅಂದರೆ, ನಿಂಗಾಜಮ್ಮ:
"ಈಗಿನ ಮಿಷನ್ನು, ಹೊಲಿಗೆ ಇಲ್ದೇನೇ ತೆಗೀತವೆ."

ಮೂರು ಹೆತ್ತೆ. ಐವತ್ತು ಕೆಜಿ ಮೂಟೆ ಹೊತ್ತೆ.
ಎಲ್ಲ ಒಂದರಲ್ಲೇ.
ಮೊದಲೇ ಗೊತ್ತಿದ್ದರೆ ಮೂಲೆ ಹಿಡಿದು ಕೂರುತ್ತಿದ್ದೆನೇನೋ.

ರಿಪೋರ್ಟು ತರಲು ಹೋದಾಗ ಕೇಳಿದೆ,
ನನ್ನ ಥರದವರು ಬೇರೆ ಇದ್ದಾರಾ?
"ಎರಡು ಸಾವಿರದಲ್ಲಿ ಇನ್ನಿಬ್ಬರು."
ಯಾರು? ತಲೆ ಆಡಿಸಿದಳು.
"ನಮಗೂ ನಂಬರ್ ಅಷ್ಟೇ ಅಮ್ಮ."

ಈಗ ಹಾಸನ ಬಸ್ ಸ್ಟ್ಯಾಂಡಿನಲ್ಲಿ
ಜನರ ಮುಖ ಬಿಟ್ಟು ಬೆನ್ನು ನೋಡುತ್ತೇನೆ.
ಬೆಲ್ಟಿನಂಗಡಿ ಸಾಬರು,
ಕೊಡೆ ಹಿಡಿದ ಮೇಷ್ಟರು,
ಎಡಕ್ಕೆ ಒಂಚೂರು ವಾಲಿ ನಡೆಯುವ ಆ ಕಂಡಕ್ಟರಮ್ಮ.
ಅವರಿಗೂ ಫೋನು ಬಂತೋ,
ಇನ್ನೊಂದು ಚೌಕಕ್ಕೆ ಗೀಟು ಹಾಕಿದ್ದರೋ.
ಬಸ್ಸು ತುಂಬುತ್ತದೆ.
ಸೀಟಿನಲ್ಲಿ ಸರಿದು ಯಾರಿಗಾದರೂ ಜಾಗ ಬಿಡುತ್ತೇನೆ,
ಎಡಗಡೆ.