ಅರ್ಥ ಕೆಡದಿದ್ದರೆ

ಮೊದಲ ದಿನ ಗೈಡು ನನ್ನ ಅರ್ಜಿ ಓದಿ
ಕನ್ನಡಕ ತೆಗೆದು ಒರೆಸಿಕೊಂಡರು.
“ಹಳಗನ್ನಡ ವ್ಯಾಕರಣ ನಿನಗ್ಯಾಕವಾ?
ನಿಮ್ಮ ಓಣಿ ಹೆಣ್ಣುಮಕ್ಕಳ ಮ್ಯಾಲೆ ಮಾಡು, ಸಲೀಸಾಗ್ತದ.”
ಆಮೇಲೆ ಚಾ ತರಲು ಕಳಿಸಿದರು.
ಐದು ಕಪ್ಪು. ಆರನೆಯವಳು ನಾನು.

ತುಳಜಾ ಮೇಡಂ ಆಗ ಅತಿಥಿ ಉಪನ್ಯಾಸಕಿ,
ಹದಿಮೂರು ವರ್ಷದ ಅತಿಥಿ.
ಇಷ್ಟು ದಿನ ಉಳಿದ ಅತಿಥಿಯನ್ನು
ನಮ್ಮ ಮನೆಯಲ್ಲಾದರೆ ರೊಟ್ಟಿ ಬಡಿಯಲು ಕೂರಿಸುತ್ತಿದ್ದರು.
ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ.
ಓದುವುದಕ್ಕೆ ಯಾರಪ್ಪಣೆ?

ಕಲಬುರಗಿಯ ಮೇ ತಿಂಗಳು,
ಸೇಡಂ ರಸ್ತೆಯ ಅವರ ಬಾಡಿಗೆ ಖೋಲಿ,
ರಾತ್ರಿ ಹನ್ನೊಂದಕ್ಕೂ ಬಿಸಿ ಆರದ ಗೋಡೆ,
ಕೂಲರಿಗೆ ನೀರು ಹಾಕುವುದು ನನ್ನ ಪಾಳಿ.
ಪೆನ್ಸಿಲ್ಲಿನಲ್ಲೇ ತಿದ್ದುತ್ತಿದ್ದರು.
“ಕೆಂಪು ಶಾಯಿ ಸಾಕಾಗ್ಯದ ನಮಗ.”
ಒಮ್ಮೆ ಮೂವತ್ತು ಪುಟಕ್ಕೂ ಒಂದೇ ಗೆರೆ ಎಳೆದು
“ಇದನ್ನ ಬರದಾಕಿ ಯಾರು? ಅಂಜಿದಾಕಿ. ನಾಗೀನ ಕಳಿಸು” ಅಂದರು.
ಬಚ್ಚಲಿಗೆ ಹೋಗಿ ಅತ್ತು ಬಂದೆ.
ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುಂದಿತ್ತು, ಮಾತಿಲ್ಲ.

ಲೋಪಸಂಧಿ ಕಲಿಸಿದ್ದೂ ಹಾಗೇ, ತಿನ್ನುತ್ತ:
ಸ್ವರಕ್ಕೆ ಸ್ವರ ಎದುರಾದರೆ ಮುಂಚೆ ಇದ್ದದ್ದು ಬಿದ್ದುಹೋಗುತ್ತದೆ,
ಅರ್ಥ ಕೆಡದಿದ್ದರೆ ಮಾತ್ರ.
ಆ ‘ಮಾತ್ರ’ಕ್ಕೆ ಬೆರಳು ಎರಡು ಸಲ ಬಡಿಯಿತು.
ಅದೇ ವಾರ ಸೆಮಿನಾರಿನ ಪುಸ್ತಕ ಬಂತು.
ಲೇಖನ ನನ್ನದು, ಹೆಸರು ಗೈಡಿನದು.
ಯಾರಿಗೂ ಅರ್ಥ ಕೆಟ್ಟಂತೆ ಕಾಣಲಿಲ್ಲ.

ಇದನ್ನೂ ಬರೆಯಬೇಕು:
ಕಲೋಕ್ವಿಯಂ ದಿನ ನನ್ನ ಉಚ್ಚಾರ ಹಿಡಿದು ಅವರೆಲ್ಲ ನಕ್ಕಾಗ
ಹಿಂದಿನ ಸಾಲಿನಲ್ಲಿ ಮೇಡಂ ಇದ್ದರು.
ಸುಮ್ಮನಿದ್ದರು.
ಜೂನಿನಲ್ಲಿ ಅವರ ಗುತ್ತಿಗೆ ನವೀಕರಣ.
ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡಿದೆವು.
ಕಿಟಕಿ ಒಂದೇ ಇತ್ತು.

ಶಹಾಬಾದಿನ ಖಣಿಯಲ್ಲಿ ಫರಸಿ ಹೊರುವ ಅವ್ವ ಕೇಳಿದಳು,
“ಆಕಿ ನಿನಗೇನಾಗಬೇಕು?”
ಗೈಡಲ್ಲ. ಅಕ್ಕನಲ್ಲ.
ಕಾಗದದ ಲೆಕ್ಕಕ್ಕೆ ಏನೂ ಅಲ್ಲ.
ಕೃತಜ್ಞತೆಯ ಪುಟದಲ್ಲಿ ಗೈಡಿನ ಹೆಸರೇ ಮೊದಲಿರಬೇಕು.
ಇದೆ.

ಈಗ ಸುರಪುರದ ಕಡೆಯ ಹುಡುಗಿಯೊಬ್ಬಳು
ನನ್ನ ಬಾಗಿಲಲ್ಲಿ ನಿಂತು
ಚಪ್ಪಲಿ ಹೊರಗ ಬಿಡ್ಲೇನ್ರಿ ಅನ್ನುತ್ತಾಳೆ.
ಏನು ಹೇಳಬೇಕೋ ತಿಳಿಯದೆ ಕೂಲರ್ ಹಚ್ಚುತ್ತೇನೆ.

ಪ್ಲುತದ ಮುಂದೆ ಸಂಧಿಯಿಲ್ಲ. ದೂರದವರನ್ನು ಕೂಗುವಾಗ
ಎಳೆದ ಸ್ವರ ಬೀಳುವುದಿಲ್ಲ,
ಕಾರಿಡಾರಿನ ಆ ತುದಿಯಿಂದ
ಇನ್ನೂ,
“ನಾಗೀ, ಇತ್ತ ಬಾ.”